ಮಗಳಿಗೆ ಬಿ.ಎಸ್ಸಿ. ಓದಲು ಬೆಂಗಳೂರೇ ಬೇಕಂತೆ. ಕಳಿಸಿದವರು, ಹೋಗಿ ಓದಿದವರು ಹೇಳಿ

ಪ್ರಶ್ನೆ: ಬ್ರಹ್ಮಾವರದ ಅಪ್ಪ

ಎಲ್ಲರಿಗೂ ನಮಸ್ಕಾರ. ನಾನು ಬ್ರಹ್ಮಾವರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ಮಗಳು ಈ ವರ್ಷ ಸೆಕೆಂಡ್ ಪಿಯು ಮುಗಿಸಿದಳು. ಸಿಇಟಿ ಬರೆದಿದ್ದಾಳೆ. ಆದರೆ ಎಂಜಿನಿಯರಿಂಗ್ ಬೇಡ, ಫಿಸಿಕ್ಸ್ ಓದುತ್ತೇನೆ, ಬಿ.ಎಸ್ಸಿ. ಮಾಡುತ್ತೇನೆ ಎನ್ನುತ್ತಾಳೆ. ಅದಕ್ಕೆ ನಾನು ಒಪ್ಪಿದ್ದೇನೆ. ಇಷ್ಟಪಟ್ಟು ಓದುವವರನ್ನು ತಡೆಯುವುದು ಬೇಡ ಅಂತ.

ತಕರಾರು ಇರುವುದು ಊರಿನ ವಿಷಯಕ್ಕೆ. ಉಡುಪಿಯಲ್ಲಿ ಒಳ್ಳೆಯ ಕಾಲೇಜುಗಳು ಉಂಟು. ಬೆಳಿಗ್ಗೆ ಬಸ್ ಹತ್ತಿದರೆ ಸಂಜೆ ಮನೆಯಲ್ಲಿರುತ್ತಾಳೆ. ಅವಳಿಗೆ ಅದು ಬೇಡ, ಬೆಂಗಳೂರಿನ ಯೂನಿವರ್ಸಿಟಿಯೇ ಬೇಕು. ಯಾಕೆ ಎಂದು ಕೇಳಿದರೆ "ಅಲ್ಲಿ ಅವಕಾಶ ಜಾಸ್ತಿ" ಎನ್ನುತ್ತಾಳೆ. ಯಾವ ಅವಕಾಶ ಎಂದರೆ ಅವಳಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ನನ್ನ ಹೆಂಡತಿಗೆ ರಾತ್ರಿ ನಿದ್ದೆ ಇಲ್ಲ.

ಮಕ್ಕಳನ್ನು ಕಳಿಸಿದ ತಂದೆ ತಾಯಂದಿರು, ಅಲ್ಲಿ ಓದಿದವರು ದಯವಿಟ್ಟು ನಿಜ ಹೇಳಿ. ನಿಮಗೆ ಅಲ್ಲಿ ಏನು ಹಿಡಿಸಿತು? ಕಾಲೇಜಿನ ಪುಸ್ತಕದಲ್ಲಿ ಅಚ್ಚು ಹಾಕಿದ ಮಾತು ಬೇಡ, ಅದು ನನ್ನ ಬಳಿ ರಾಶಿ ಉಂಟು. ನೀವು ಕಣ್ಣಾರೆ ಕಂಡದ್ದು ಬೇಕು.

ಉತ್ತರ: ಸುರತ್ಕಲ್ ಹುಡುಗ

ಅಂಕಲ್, ನಾನು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಎಂ.ಎ. ಎಕನಾಮಿಕ್ಸ್ ಮಾಡಿದೆ. ಸಾವಿರ ಎಕರೆಗೂ ಜಾಸ್ತಿ ಜಾಗ, ತುಂಬ ಮರ. 2021ರಲ್ಲಿ ಮೆಟ್ರೋ ಕೆಂಗೇರಿ ತನಕ ಬಂತು, ಜ್ಞಾನಭಾರತಿಗೇ ಒಂದು ಸ್ಟೇಷನ್ ಆಯಿತು. ಮೊದಲು ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲೇ ಜೀವ ಹೋಗುತ್ತಿತ್ತು ಎಂದು ಸೀನಿಯರ್‌ಗಳು ಹೇಳುತ್ತಿದ್ದರು.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಪಕ್ಕದ ಸಂಸ್ಥೆಗಳು. ಕ್ಯಾಂಪಸ್ಸಿಗೆ ತಾಗಿದ ಹಾಗೆ ನಾಗರಬಾವಿಯಲ್ಲಿ ಐಸೆಕ್ ಇದೆ, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಶುರು ಮಾಡಿದ ಸಂಶೋಧನಾ ಸಂಸ್ಥೆ. ಗೈಡ್ ಹತ್ತಿರ ಪತ್ರ ಬರೆಸಿಕೊಂಡು ಅಲ್ಲಿನ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಮೀನುಗಾರಿಕೆ ಸಹಕಾರ ಸಂಘಗಳ ಬಗ್ಗೆ ನಾನು ಬರೆದ ಪ್ರಾಜೆಕ್ಟಿಗೆ ಬೇಕಾದ ಹಳೆಯ ವರದಿಗಳು ಅಲ್ಲಿ ಸಿಕ್ಕಿದವು. ನಮ್ಮ ಮಲ್ಪೆಯ ಲೆಕ್ಕ ನಾಗರಬಾವಿಯಲ್ಲಿ ಸಿಕ್ಕಿತು ಎಂದರೆ ಅಪ್ಪನಿಗೆ ಆಶ್ಚರ್ಯ.

ನಿಮ್ಮ ಮಗಳ ಫಿಸಿಕ್ಸ್ ಎಂದರೆ ಬೇರೆ ಲೋಕ. ಆ ಕಡೆ ಗೊತ್ತಿದ್ದವರು ಹೇಳಲಿ.

ಉತ್ತರ: ಶಂಕರಪುರದ ಮಲ್ಲಿಗೆ ತೋಟದ ಅಮ್ಮ

ಅಣ್ಣಾ, ನಿಮ್ಮ ಮನೆಯಾಕೆಗೆ ನಿದ್ದೆ ಇಲ್ಲ ಎಂದು ಓದಿ ಬರೆಯುತ್ತಿದ್ದೇನೆ. ಅವರಿಗೂ ಇದನ್ನು ಓದಿಸಿ.

ನಮ್ಮದು ಉಡುಪಿ ಹತ್ತಿರದ ಶಂಕರಪುರ. ಮಲ್ಲಿಗೆ ಗಿಡ ಇಟ್ಟು ಬದುಕುವವರು ನಾವು. ಒಬ್ಬಳೇ ಮಗಳು. ನಿಮ್ಮ ಮಗಳ ಹಾಗೆಯೇ ಫಿಸಿಕ್ಸ್ ಹುಚ್ಚು. ಬೆಂಗಳೂರಿನಲ್ಲಿ ಅರಮನೆ ರಸ್ತೆಯ ಕಡೆ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದಳು. ಆ ಕಾಲೇಜಿನ ಹೆಸರು ಹೇಳುವುದಿಲ್ಲ, ಯಾಕೆಂದರೆ ನಾನು ಹೇಳಬೇಕಾದ ಮೊದಲ ಮಾತೇ ಅದರ ಬಗ್ಗೆ. ಕಾಲೇಜು ಅಂಥ ವಿಶೇಷ ಏನೂ ಅಲ್ಲ. ಪಾಠ ಚೆನ್ನಾಗಿತ್ತು. ಲ್ಯಾಬು ಉಡುಪಿಯ ಕಾಲೇಜುಗಳಲ್ಲಿ ಇರುವಂಥದ್ದೇ. ಪುಸ್ತಕ ಅದೇ, ಪರೀಕ್ಷೆ ಅದೇ ಥರ. ಬರೀ ಕ್ಲಾಸಿನ ಪಾಠಕ್ಕೆ ಅಂತ ನಾನು ಅಷ್ಟು ದುಡ್ಡು ಕೊಟ್ಟು ಕಳಿಸುತ್ತಿರಲಿಲ್ಲ.

ವ್ಯತ್ಯಾಸ ಇದ್ದದ್ದು ಭಾನುವಾರಗಳಲ್ಲಿ.

ಅವಳ ಕಾಲೇಜಿದ್ದ ಸೆಂಟ್ರಲ್ ಕಾಲೇಜಿನ ಆಸುಪಾಸಿನಿಂದ ನೆಹರೂ ತಾರಾಲಯಕ್ಕೆ ನಡೆದೇ ಹೋಗಬಹುದು. ಅಲ್ಲಿ ಆಕಾಶ ತೋರಿಸುವುದು ಮಾತ್ರ ಅಲ್ಲ, ಬಿ.ಎಸ್ಸಿ., ಎಂಜಿನಿಯರಿಂಗ್ ಓದುವ ಮಕ್ಕಳಿಗೆ ವಾರಾಂತ್ಯದಲ್ಲಿ ಫಿಸಿಕ್ಸ್ ತರಗತಿಯೂ ಇದೆ. ರೀಪ್ ಎಂದು ಕರೆಯುತ್ತಾರೆ. ಹೇಳಿಕೊಡುವವರು ಬೆಂಗಳೂರಿನ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು, ಪ್ರೊಫೆಸರ್‌ಗಳು. ಮಗಳಿಗೆ ಇದು ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆಯೇ. ಫೋನಿನಲ್ಲಿ ನನಗೆ ಹೇಳುತ್ತಿದ್ದಳು, "ಅಮ್ಮಾ, ಇಲ್ಲಿ ಪರೀಕ್ಷೆಗೆ ಬರುತ್ತದಾ ಎಂದು ಯಾರೂ ಕೇಳುವುದಿಲ್ಲ." ಅವಳ ಧ್ವನಿಯಲ್ಲಿ ಇದ್ದ ಖುಷಿ ನನಗೆ ಈಗಲೂ ಕೇಳುತ್ತದೆ.

ಅಲ್ಲಿಂದ ಒಂದೊಂದೇ ಬಾಗಿಲು. ಐಸಿಟಿಎಸ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆ ಹೆಸರಘಟ್ಟದ ಕಡೆ ಇದೆ, ಅವರು ಭಾನುವಾರ ಜನರಿಗಾಗಿ ಉಪನ್ಯಾಸ ಇಡುತ್ತಾರೆ. ಪುಕ್ಕಟೆ. ಮೇಖ್ರಿ ಸರ್ಕಲ್ ಹತ್ತಿರ ಸಿ.ವಿ. ರಾಮನ್ ಅವರು 1948ರಲ್ಲಿ ಕಟ್ಟಿದ ಸಂಸ್ಥೆ ಇದೆ. ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ, ಅಲ್ಲಿ ಸಂಜೆ ಹೊತ್ತು ಉಪನ್ಯಾಸ, ಸಂಗೀತ. ಇವಳು ಇಂಥ ಕಡೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬರುತ್ತಿದ್ದಳು. ಅರ್ಧ ಅರ್ಥವಾಗುತ್ತಿರಲಿಲ್ಲ ಎನ್ನುತ್ತಿದ್ದಳು. ಆದರೆ ಪ್ರಶ್ನೆ ಕೇಳುವವರನ್ನು ನೋಡಿ ನೋಡಿ ಇವಳೂ ಕೈ ಎತ್ತಲು ಕಲಿತಳು. ಪಿಯುಸಿ ತನಕ ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ಅವಳು. ಇದಕ್ಕೆ ನಾನು ಎಷ್ಟು ಕೊಟ್ಟರೂ ಕಡಿಮೆಯೇ.

ಒಂದು ಸಲ ನನ್ನನ್ನು ಟಾಟಾ ಇನ್‌ಸ್ಟಿಟ್ಯೂಟಿನ ಓಪನ್ ಡೇಗೆ ಕರೆದುಕೊಂಡು ಹೋದಳು. ಐಐಎಸ್ಸಿ ಎಂದರೆ ಅದೇ, ಬೆಂಗಳೂರಿನವರು ಹಾಗೆ ಕರೆಯುತ್ತಾರೆ. 1909ರಿಂದ ಇರುವ ಸಂಸ್ಥೆ. ವರ್ಷಕ್ಕೆ ಒಂದು ದಿನ ಲ್ಯಾಬುಗಳನ್ನೆಲ್ಲ ಜನರಿಗೆ ತೆರೆದಿಡುತ್ತಾರೆ. ಜಾತ್ರೆಯ ಜನ. ಒಂದು ಮೇಜಿನ ಹತ್ತಿರ ಒಬ್ಬ ಹುಡುಗ ಹೂವನ್ನು ದ್ರವ ಸಾರಜನಕದಲ್ಲಿ ಅದ್ದಿ ತೆಗೆದ. ಅದರ ತಣ್ಪು ಮೈನಸ್ 196 ಡಿಗ್ರಿಯಂತೆ. ಆಮೇಲೆ ಹೂವನ್ನು ಮೇಜಿಗೆ ತಟ್ಟಿದ. ಗಾಜು ಒಡೆದ ಹಾಗೆ ಚೂರು ಚೂರು ಆಯಿತು. ನಾನು ಸುಮ್ನೆ ಇರಲಾರದೆ ಕೇಳಿದೆ, ಮಲ್ಲಿಗೆ ಫ್ರಿಜ್ಜಿನಲ್ಲಿ ಇಟ್ಟರೆ ತಾಜಾ ಉಳಿಯುತ್ತದೆ, ಮೇಲಿನ ಫ್ರೀಜರಿನಲ್ಲಿ ಇಟ್ಟರೆ ಕಪ್ಪಾಗಿ ಹಾಳಾಗುತ್ತದೆ, ಅದು ಯಾಕೆ ಅಂತ. ಆ ಹುಡುಗ ಬೇಸರ ಮಾಡದೆ ಹೇಳಿದ. ಎಸಳಿನ ಒಳಗಿನ ನೀರು ಮಂಜುಗಡ್ಡೆ ಆಗುವಾಗ ಹರಳು ಕಟ್ಟುತ್ತದೆ, ಅದು ಒಳಗಿನ ಕೋಶಗಳನ್ನು ಸೀಳುತ್ತದೆ, ಹೊರಗೆ ತೆಗೆದ ಮೇಲೆ ಹೂ ಮೆತ್ತಗಾಗಿ ಕಪ್ಪಾಗುತ್ತದೆ. ಇಷ್ಟು ವರ್ಷ ಹೂ ಕೊಯ್ದ ನನಗೆ ಯಾರೂ ಇದನ್ನು ಹೇಳಿರಲಿಲ್ಲ. ನನ್ನ ಮಗಳು ಇಂಥ ಜನರ ಮಧ್ಯೆ ಓಡಾಡುತ್ತಿದ್ದಾಳಲ್ಲ ಎಂದು ಆವತ್ತು ನನ್ನ ಮನಸ್ಸು ಗಟ್ಟಿಯಾಯಿತು.

ಇನ್ನು ತಾಯಿಯಾಗಿ ನನಗೆ ಹಿಡಿಸಿದ್ದು.

ಓಡಾಟ. ನಮ್ಮ ಕಡೆ ಸಂಜೆ ಏಳೂವರೆ ಆದರೆ ಮಗಳು ಯಾವ ಬಸ್ಸಿನಲ್ಲಿ ಬರುತ್ತಾಳೆ ಎಂದು ರಸ್ತೆ ನೋಡುತ್ತ ನಿಲ್ಲಬೇಕು. ಅಲ್ಲಿ ರಾತ್ರಿ ಹತ್ತಕ್ಕೂ ಮೆಟ್ರೋದಲ್ಲಿ ಹೆಣ್ಣುಮಕ್ಕಳು ತುಂಬಿರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೆ ದುಡ್ಡೇ ಇಲ್ಲ. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಇಲ್ಲಿ ನಮಗೆ ಅದರ ಲಾಭ ಕಡಿಮೆ. ಅಲ್ಲಿ ಅವಳು ಆಧಾರ್ ಕಾರ್ಡ್ ತೋರಿಸಿ ಊರೆಲ್ಲ ಸುತ್ತಿದಳು. ಮೆಟ್ರೋ ಮಾತ್ರ ಪುಕ್ಕಟೆ ಅಲ್ಲ.

ಗೆಳತಿಯರು. ಅವಳ ರೂಮಿನಲ್ಲಿ ಸಿಂಧನೂರಿನ ಹುಡುಗಿ, ಕೋಲಾರದ ಹುಡುಗಿ. ಸಿಂಧನೂರಿನವಳು ಇವಳಿಗೆ ಜೋಳದ ರೊಟ್ಟಿ ತಟ್ಟಲು ಕಲಿಸಿದಳು. ರಜೆಗೆ ನಮ್ಮ ಮನೆಗೆ ಬಂದಳು, ಕಾಪುವಿನಲ್ಲಿ ಮೊದಲ ಸಲ ಸಮುದ್ರ ನೋಡಿದಳು. ಅವರ ಮನೆಯಲ್ಲಿ ಅವಳೇ ಮೊದಲು ಡಿಗ್ರಿಗೆ ಹೋದವಳು. ಅವಳು ಓದುವ ರೀತಿ ನೋಡಿ ನನ್ನ ಮಗಳು ಬೆಳಿಗ್ಗೆ ಬೇಗ ಏಳಲು ಶುರು ಮಾಡಿದಳು. ನಾನು ಹದಿನೆಂಟು ವರ್ಷ ಹೇಳಿ ಆಗದ ಕೆಲಸ ಅದು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಕಾಲೇಜಿನ ಫೀಸು ದೊಡ್ಡದಲ್ಲ, ಖರ್ಚೆಲ್ಲ ಪಿಜಿ ಮತ್ತು ಊಟಕ್ಕೆ. ಮಲ್ಲಿಗೆಗೆ ಈ ದಿನ ಅಟ್ಟೆಗೆ (ಹೂ ಮಾರುವ ಅಳತೆ ಅದು) ಎಷ್ಟು ಎಂದು ರೇಟು ಬರುವ ತನಕ ಯಾರಿಗೂ ಗೊತ್ತಿರುವುದಿಲ್ಲ. ಮಳೆಗಾಲದಲ್ಲಿ ಹೂವೇ ಕಡಿಮೆ. ಸರಿಯಾಗಿ ಆಗಲೇ ಹೊಸ ವರ್ಷದ ಫೀಸು, ಪಿಜಿಯ ಅಡ್ವಾನ್ಸು ಎಲ್ಲ ಒಟ್ಟಿಗೆ ಬರುತ್ತದೆ. ಎರಡನೇ ವರ್ಷದಿಂದ ಅವಳು ಮಲ್ಲೇಶ್ವರದಲ್ಲಿ ಹೈಸ್ಕೂಲಿನ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಊಟದ ಖರ್ಚು ತಾನೇ ನೋಡಿಕೊಂಡಳು. ದೊಡ್ಡ ಊರಿನಲ್ಲಿ ಓದುವ ಮಕ್ಕಳಿಗೂ ದುಡಿಯಲು ದಾರಿ ಇರುತ್ತದೆ.

ಮೊದಲ ಪಿಜಿಯವರು ಬಿಡುವಾಗ ಅಡ್ವಾನ್ಸ್ ಕೊಡದೆ ಸತಾಯಿಸಿದರು. ನಾನು ಇಲ್ಲಿಂದ ಏನು ಮಾಡಲಿ? ಅವಳೇ ರಶೀದಿ ಹಿಡಿದು, ಜೊತೆಯ ಹುಡುಗಿಯರನ್ನು ಸೇರಿಸಿಕೊಂಡು ಹೋಗಿ ಮಾತಾಡಿದಳು. ಸ್ವಲ್ಪ ಹಿಡಿದುಕೊಂಡು ಉಳಿದದ್ದು ಕೊಟ್ಟರು. ದುಡ್ಡು ಕೊಡುವಾಗ ರಶೀದಿ ತಪ್ಪದೆ ತೆಗೆದುಕೊಳ್ಳಲು ಮಗಳಿಗೆ ಹೇಳಿ.

ಹಿಡಿಸದ್ದೂ ಇದೆ. ಮೊದಲ ಕೆಲವು ತಿಂಗಳು ಫೋನಿನಲ್ಲಿ ಅಳು. ಕುಚ್ಚಲಕ್ಕಿ ಅನ್ನ ಇಲ್ಲ, ಮೀನು ಇಲ್ಲ. ಚೌತಿ, ದೀಪಾವಳಿ ಬಂತೆಂದರೆ ಖಾಸಗಿ ಬಸ್ಸಿನ ಟಿಕೆಟ್ ಮುಟ್ಟುವ ಹಾಗಿಲ್ಲ. ಜೋರು ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ರಸ್ತೆ ಬಂದ್, ಸಕಲೇಶಪುರದ ಕಡೆ ಹಳಿಯ ಮೇಲೆ ಮಣ್ಣು ಬಿದ್ದರೆ ರೈಲೂ ಬಂದ್. ಒಮ್ಮೆ ಅಷ್ಟಮಿಗೆ ಬರಲಾಗದೆ ಅಲ್ಲೇ ಉಳಿದಳು.

ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಕೇಳಿ ಅಣ್ಣಾ. ನಿಮ್ಮ ಮಗಳು ಭಾನುವಾರ ಎದ್ದು ಯಾವುದೋ ಗುರುತಿಲ್ಲದ ಸಂಸ್ಥೆಯ ಹಾಲ್‌ಗೆ ಒಬ್ಬಳೇ ಹೋಗಿ ಕೂರುವವಳಾದರೆ ಕಳಿಸಿ, ಸಾಲ ಮಾಡಿಯಾದರೂ ಕಳಿಸಿ. ಕ್ಲಾಸು, ರೂಮು, ಮೊಬೈಲು ಅಷ್ಟೇ ಆದರೆ ಉಡುಪಿಯೇ ಸಾಕು. ಮನೆಯ ಊಟವಾದರೂ ಸಿಗುತ್ತದೆ.

ಉತ್ತರ: ಫಿಸಿಕ್ಸ್ ಮಾಸ್ಟ್ರು, ಉಡುಪಿ

ಶಂಕರಪುರದ ಅಮ್ಮ ಬರೆದದ್ದು ಓದಿ ತುಂಬ ಸಂತೋಷವಾಯಿತು. ಆದರೂ ಇನ್ನೊಂದು ಮಾತು ಹೇಳಲೇಬೇಕು. ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುವವನು.

ನಮ್ಮ ಕಡೆ ಬಾಗಿಲುಗಳೇ ಇಲ್ಲ ಎಂದು ಮಗು ತಿಳಿಯಬಾರದು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಇದೆ, ದೂರದರ್ಶಕ ಹಿಡಿದು ಆಕಾಶ ನೋಡುತ್ತಾರೆ. ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ 3ಡಿ ತಾರಾಲಯ ಇದೆ. ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಕ್ಯಾಂಪಸ್ಸಿನಲ್ಲಿ ಮೈಕ್ರೋಟ್ರಾನ್ ಎಂಬ ಕಣ ವೇಗವರ್ಧಕ ಇದೆ. ಎಲೆಕ್ಟ್ರಾನುಗಳಿಗೆ ವೇಗ ಕೊಡುವ ಯಂತ್ರ ಅದು. ಅಂಥ ಯಂತ್ರ ಇರುವ ವಿಶ್ವವಿದ್ಯಾಲಯಗಳು ದೇಶದಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಮನೆಯ ಪಕ್ಕದಲ್ಲೇ ಇರುವುದರಿಂದ ನಮ್ಮ ಮಕ್ಕಳು ಅದನ್ನು ತಿರುಗಿಯೂ ನೋಡುವುದಿಲ್ಲ, ಇದು ನನಗೆ ನಿಜವಾಗಿ ನೋವಿನ ವಿಷಯ.

ಇನ್ನೊಂದು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ದೇಶದ ಉಳಿದ ಎರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಆಯ್ಕೆಯಾದವರು ಎರಡು ತಿಂಗಳು ದೊಡ್ಡ ವಿಜ್ಞಾನಿಗಳ ಹತ್ತಿರ ಕೆಲಸ ಮಾಡಬಹುದು. ಅದಕ್ಕೆ ಉಡುಪಿಯಲ್ಲಿ ಓದುವವರೂ ಅರ್ಜಿ ಹಾಕಬಹುದು. ಬಿ.ಎಸ್ಸಿ. ಮುಗಿಸುವಾಗ ಜಾಮ್ ಪರೀಕ್ಷೆ ಬರೆದರೆ ಐಐಟಿಗಳಲ್ಲಿ ಎಂ.ಎಸ್ಸಿ.ಗೆ ಹೋಗಬಹುದು.

ಸಣ್ಣ ಕಾಲೇಜಿನಲ್ಲಿ ಮೇಷ್ಟ್ರಿಗೆ ಪ್ರತಿ ಮಗುವಿನ ಹೆಸರು ಗೊತ್ತಿರುತ್ತದೆ. ಲೆಕ್ಕದಲ್ಲಿ ಎಲ್ಲಿ ಎಡವುತ್ತಾಳೆ ಎಂದೂ ಗೊತ್ತಿರುತ್ತದೆ. ಸಂಜೆ ಐದರ ತನಕ ಲ್ಯಾಬಿನಲ್ಲಿ ನಿಂತರೆ ಯಾರೂ ಹೊರಗೆ ಕಳಿಸುವುದಿಲ್ಲ. ಅಡಿಪಾಯ ಇಲ್ಲಿ ಹಾಕಿಕೊಂಡು ಎಂ.ಎಸ್ಸಿ.ಗೆ ದೊಡ್ಡ ಊರಿಗೆ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತೊಂದು ವರ್ಷಕ್ಕೆ ಹೋದವರಿಗೆ ಏನು ಹುಡುಕಬೇಕು ಎಂದು ಗೊತ್ತಿರುತ್ತದೆ.

ಉತ್ತರ: ಶಂಕರಪುರದ ಮಲ್ಲಿಗೆ ತೋಟದ ಅಮ್ಮ

ಸರ್, ನಿಮ್ಮಂಥವರು ಸಿಕ್ಕಿದ ಮಕ್ಕಳು ಅದೃಷ್ಟವಂತರು. ನೀವು ಹೇಳಿದ್ದೆಲ್ಲ ಒಪ್ಪುತ್ತೇನೆ, ಕೊನೆಯದನ್ನು ಬಿಟ್ಟು.

ಜಾಮ್ ಎಂಬ ಪರೀಕ್ಷೆ ಇದೆ ಎಂದೇ ನಮಗೆ ಗೊತ್ತಿರಲಿಲ್ಲ. ಮಗಳಿಗೆ ಹೇಳಿದ್ದು ತಾರಾಲಯದ ತರಗತಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ. ನೀವು ಹೇಳಿದ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕಿಸಿದ್ದು ಅಲ್ಲಿನ ಸೀನಿಯರ್ ಅಕ್ಕ. ಅರ್ಜಿ ಎಲ್ಲಿಂದ ಬೇಕಾದರೂ ಹಾಕಬಹುದು ಸರ್, ಸುದ್ದಿ ಎಲ್ಲ ಕಡೆ ಒಂದೇ ಹೊತ್ತಿಗೆ ತಲುಪುವುದಿಲ್ಲ. ನಾವು ದಿನವಿಡೀ ಹೂ ಕಟ್ಟುವವರು, ಇದನ್ನೆಲ್ಲ ಮಗಳಿಗೆ ಹುಡುಕಿಕೊಡಲು ನಮಗೆ ಬರುವುದಿಲ್ಲ. ಮನೆಯಲ್ಲಿ ಓದಿದವರು ಇದ್ದರೆ ಮೂರು ವರ್ಷ ಕಾದು ಹೋಗಬಹುದು. ನಮ್ಮಂಥವರ ಮಕ್ಕಳಿಗೆ ಹದಿನೆಂಟಕ್ಕೇ ಆ ಜನ ಸಿಗಬೇಕು.

ನಿಮ್ಮ ಮೈಕ್ರೋಟ್ರಾನ್ ವಿಷಯ ಮಗಳಿಗೆ ಕಳಿಸಿದೆ. ಬರುವ ರಜೆಯಲ್ಲಿ ಕೊಣಾಜೆಗೆ ಹೋಗಿ ನೋಡಿ ಬರುತ್ತೇನೆ ಎಂದಳು. ಒಳಗೆ ಬಿಡುತ್ತಾರೋ ಹೇಗೆ, ಯಾರನ್ನು ಕೇಳಬೇಕು ಎಂದು ದಯವಿಟ್ಟು ತಿಳಿಸಿ.

ಉತ್ತರ: ಫಿಸಿಕ್ಸ್ ಮಾಸ್ಟ್ರು, ಉಡುಪಿ

ಅಮ್ಮಾ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಸುದ್ದಿ ಮುಟ್ಟಿಸುವುದು ನಮ್ಮ ಕೆಲಸ, ಅದನ್ನು ನಾವು ಇನ್ನೂ ಜಾಸ್ತಿ ಮಾಡಬೇಕು. ಕೊಣಾಜೆಯ ಭೌತಶಾಸ್ತ್ರ ವಿಭಾಗಕ್ಕೆ ಅವಳ ಕಾಲೇಜಿನ ಮೂಲಕ ಒಂದು ಪತ್ರ ಬರೆಯಲಿ. ವಿಕಿರಣದ ಯಂತ್ರವಾದ್ದರಿಂದ ಮೊದಲೇ ಅನುಮತಿ ಕೇಳಿ ಹೋಗುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು: ಬ್ರಹ್ಮಾವರದ ಅಪ್ಪ

ಎಲ್ಲರಿಗೂ ಕೈಮುಗಿದೆ. ಹೆಂಡತಿಗೆ ಎಲ್ಲ ಓದಿ ಹೇಳಿದೆ. ಅಕ್ಕಾ, ಓಪನ್ ಡೇಯಲ್ಲಿ ಮಲ್ಲಿಗೆಯ ಬಗ್ಗೆ ಕೇಳಿದ್ದನ್ನು ಅವಳು ಎರಡು ಸಲ ಓದಿಸಿದಳು. ಮಗಳು ಪಕ್ಕದಲ್ಲೇ ಕೂತು ರೀಪ್ ಎಂದು ಬರೆದುಕೊಂಡಳು. ಅವಳಿಗೂ ಅದು ಗೊತ್ತಿರಲಿಲ್ಲ.

ಇನ್ನು ಎರಡು ಮಾತು ಕೇಳಬೇಕು. ಪಿಜಿ ಬಿಟ್ಟು ಬೇರೆ ಹಾಸ್ಟೆಲ್ ದಾರಿ ಉಂಟಾ? ಒಮ್ಮೆ ಹೋಗಿ ನೋಡಿ ಬರಬೇಕು ಎಂದರೆ ಹೇಗೆ ಹೋದರೆ ಒಳ್ಳೆಯದು?

ಉತ್ತರ: ಶಂಕರಪುರದ ಮಲ್ಲಿಗೆ ತೋಟದ ಅಮ್ಮ

ಹಾಸ್ಟೆಲ್ ಉಂಟು ಅಣ್ಣಾ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಸೀಟು ಸಿಗದೆ ಹೊರಗೆ ಇದ್ದರೆ ವಿದ್ಯಾಸಿರಿ ಎಂದು ತಿಂಗಳಿಗೆ ಇಷ್ಟು ಎಂದು ಹತ್ತು ತಿಂಗಳು ಕೊಡುವ ಯೋಜನೆ ಇದೆ. ಆದಾಯದ ಮಿತಿ ಉಂಟು, ನಿಮಗೆ ಬರುತ್ತದೋ ಎಂದು ಬ್ರಹ್ಮಾವರದ ಸೈಬರ್ ಸೆಂಟರಿನಲ್ಲಿ ವಿಚಾರಿಸಿ. ನಮ್ಮ ಜಿಲ್ಲೆಯ ಸಮಾಜಗಳ ಸಂಘಗಳೂ ಬೆಂಗಳೂರಿನಲ್ಲಿ ಬೇಕಾದಷ್ಟಿವೆ, ಗೊತ್ತಿದ್ದವರ ಮೂಲಕ ಕೇಳಿ.

ಹೋಗುವುದಾದರೆ ಪಂಚಗಂಗಾ ರೈಲು ಹಿಡಿಯಿರಿ. ನಿಮಗೆ ಉಡುಪಿಯಲ್ಲೋ ಕುಂದಾಪುರದಲ್ಲೋ ಹತ್ತಬಹುದು, ಬೆಳಿಗ್ಗೆ ಬೆಂಗಳೂರು. ಟಿಕೆಟ್ ಬೇಗ ತುಂಬುತ್ತದೆ, ಮುಂಚೆಯೇ ಮಾಡಿಸಿ. ಮೆಜೆಸ್ಟಿಕ್ಕಿನಿಂದ ಮೆಟ್ರೋ ಹತ್ತಿ ಸೆಂಟ್ರಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿಯಿರಿ. ವಿಶ್ವೇಶ್ವರಯ್ಯನವರ ಹೆಸರಿನ ಸ್ಟೇಷನ್ ಅದು. ಅಲ್ಲಿಂದ ಮುಂದೆ ಮಗಳೇ ದಾರಿ ಕೇಳಿಕೊಂಡು ನಡೆಯಲಿ. ನೀವು ಹಿಂದೆ ಹೋಗಿ.

ಸೋಮವಾರ ತಾರಾಲಯಕ್ಕೆ ರಜೆ, ಆ ದಿನ ಬೇಡ. ಕನ್ನಡದ ಪ್ರದರ್ಶನ ಎಷ್ಟು ಹೊತ್ತಿಗೆ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ನಿಮ್ಮ ಮನೆಯಾಕೆಯನ್ನೂ ಕರೆದುಕೊಂಡು ಹೋಗಿ, ಅಂಗಡಿ ಎರಡು ದಿನ ಮುಚ್ಚಿದರೆ ಅಡ್ಡಿಯಿಲ್ಲ.